ಖಾಲಿ ಹುದ್ದೆಗೆ ಒಂದು ಮೀನು

ಷರಾ ಸಾಹೇಬರು ತಮ್ಮ ಇಪ್ಪತ್ತೆಂಟು ವರ್ಷದ ನೌಕರಿಯಲ್ಲಿ ಒಬ್ಬನೇ ಒಬ್ಬನನ್ನೂ ತಪ್ಪಾಗಿ ನೇಮಕ ಮಾಡಿದವರಲ್ಲ. ಸರಿಯಾಗಿ ನೇಮಕ ಮಾಡಿದ್ದೂ ಕಡಿಮೆಯೇ ಅನ್ನಿ. ಅವರ ಮೇಜಿಗೆ ಬಂದ ಅರ್ಜಿಗಳಲ್ಲಿ ಮುಕ್ಕಾಲು ಪಾಲು ತಾರೀಖು ಇಲ್ಲವೆಂದೋ, ಸಹಿ ಗೆರೆ ದಾಟಿದೆಯೆಂದೋ ಬಂದ ದಾರಿಯಲ್ಲೇ ಹಿಂದಿರುಗುತ್ತಿದ್ದವು. ನೇಮಕಾತಿ ವಿಭಾಗದ ಹಿರಿಯ ಗುಮಾಸ್ತರಾದ ಅವರಿಗೆ ಈ ಅಡ್ಡಹೆಸರು ಬಿದ್ದದ್ದು, ಕೈಗೆ ಸಿಕ್ಕ ಯಾವ ಕಾಗದವನ್ನೂ ಒಂದು ಷರಾ ಬರೆಯದೆ ಕೆಳಗಿಡುತ್ತಿರಲಿಲ್ಲ ಎಂಬ ಕಾರಣಕ್ಕೆ. ಹೆಂಡತಿ ಸಾಮಾನಿನ ಚೀಟಿ ಕೊಟ್ಟರೆ ಅದರ ಅಂಚಿನಲ್ಲಿ ‘ಸೋಪು ಎರಡು ಏಕೆ? ಸ್ಪಷ್ಟೀಕರಣ ಬೇಕು’ ಎಂದು ಬರೆದು ವಾಪಸು ಕೊಡುತ್ತಿದ್ದರು. ಹೆಂಡತಿ ಸ್ಪಷ್ಟೀಕರಣವನ್ನು ಬಾಯಲ್ಲೇ ಕೊಡುತ್ತಿದ್ದಳು. ಅದು ಬೀದಿಯ ಆ ತುದಿಗೂ ಕೇಳುತ್ತಿತ್ತು.

ಅವರ ಇನ್ನೊಂದು ಹೆಮ್ಮೆಯನ್ನೂ ಇಲ್ಲೇ ಹೇಳಿಬಿಡಬೇಕು. ಹುಟ್ಟಿದಾಗಿನಿಂದ ಅವರು ಯಾವ ಕಾಗದಕ್ಕೂ ಹಿಂದಿನ ತಾರೀಖು ಹಾಕಿದವರಲ್ಲ. ಒಮ್ಮೆ ಮ್ಯಾನೇಜರ್ ಸಾಹೇಬರೇ ತಮ್ಮ ತಂಗಿಯ ಮಗನ ಅರ್ಜಿ ಹಿಡಿದು ಬಂದು, “ಒಂದೇ ಒಂದು ದಿನ ಹಿಂದಕ್ಕೆ ಹಾಕಿಬಿಡಿ ಮಾರಾಯ್ರೆ” ಎಂದು ಗೋಗರೆದಿದ್ದರು. ಷರಾ ಸಾಹೇಬರು ಜಗ್ಗಲಿಲ್ಲ. ಆ ಹುಡುಗ ಈಗ ಬೇರೆಲ್ಲೋ ಇದ್ದಾನೆ, ಚೆನ್ನಾಗಿಯೇ ಇದ್ದಾನೆ. ಆದರೆ ಮ್ಯಾನೇಜರ್ ಆ ದಿನವನ್ನು ಮರೆತಿಲ್ಲ.

ಇಂಥವರ ಮನೆಗೆ ಸಮುದ್ರ ಬಂದದ್ದು ಹೀಗೆ. ಮ್ಯಾನೇಜರ್ ತಮ್ಮ ಮೇಜಿನ ಮೇಲೆ ಗಾಜಿನ ಬುಡ್ಡಿಯಲ್ಲಿ ಎರಡು ಬಂಗಾರದ ಮೀನು ಇಟ್ಟುಕೊಂಡಿದ್ದರು. ಕಡತಕ್ಕೆ ಸಹಿ ಕೇಳಲು ಹೋದವರೆಲ್ಲ ಮೊದಲು ಮೀನನ್ನು ಹೊಗಳಬೇಕು, ಆಮೇಲೆ ಸಹಿ. ಒಂದು ಬೆಳಿಗ್ಗೆ ಹೊಗಳಿ ಹೊಗಳಿ ನಾಲಿಗೆ ಒಣಗಿದ ಷರಾ ಸಾಹೇಬರ ಬಾಯಿಂದ, “ಸಿಹಿನೀರಿನ ಮೀನು ಯಾರು ಬೇಕಾದ್ರೂ ಸಾಕ್ತಾರೆ ಸಾರ್. ನಮ್ಮನೇಲಿ ಉಪ್ಪುನೀರಿನದು ಬರ್ತಾ ಇದೆ” ಎಂಬ ಮಾತು ಜಾರಿತು. ಹಾಗೆ ಬರುತ್ತಿದೆ ಎಂಬುದು ಆ ಕ್ಷಣದವರೆಗೆ ಅವರಿಗೇ ಗೊತ್ತಿರಲಿಲ್ಲ.

“ಹೌದಾ? ಮೊದಲನೇ ಮೀನು ಬಿಡೋ ದಿನ ಹೇಳಿ. ನಾನೇ ಬರ್ತೀನಿ,” ಎಂದರು ಮ್ಯಾನೇಜರ್, ಕನ್ನಡಕದ ಮೇಲಿಂದ ನೋಡುತ್ತ.

ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದೂ ಒಂದೇ, ಹಿಂದಿನ ತಾರೀಖು ಹಾಕುವುದೂ ಒಂದೇ. ಆ ವಾರವೇ ಮೂರಡಿಯ ಗಾಜಿನ ತೊಟ್ಟಿ ಬಂತು. ಪಂಪು ಬಂತು, ದೀಪ ಬಂತು, ಸಮುದ್ರದ ಉಪ್ಪಿನ ಚೀಲ ಬಂತು, ಕೊನೆಗೆ ಒದ್ದೆ ಗೋಣಿಯಲ್ಲಿ ಸುತ್ತಿದ ಮೂರು ದೊಡ್ಡ ಕಲ್ಲು ಬಂದವು. ಕಲ್ಲುಗಳ ತುಂಬ ತೂತು. ಬಣ್ಣದ ಮೀನಿನ ಅಂಗಡಿಯವನು ಅವನ್ನು ತೊಟ್ಟಿಯಲ್ಲಿ ಜೋಡಿಸಿ ಕೈ ಒರೆಸಿಕೊಂಡು, “ಸಮುದ್ರದಿಂದ ಎತ್ತಿದ ಕಲ್ಲು ಸಾರ್. ಆರು ವಾರ ಏನೂ ಬಿಡಬೇಡಿ, ನೀರು ಹದಕ್ಕೆ ಬರಲಿ. ಆಮೇಲೆ ಒಂದೇ ಒಂದು ಮೀನು. ಅದನ್ನ ಮಾತ್ರ ನೋಡಿ ಆರಿಸಬೇಕು. ಮೊದಲು ಹೋದದ್ದು ಇಡೀ ತೊಟ್ಟಿ ತಂದೇ ಅನ್ಕೊಳ್ಳುತ್ತೆ, ಆಮೇಲೆ ಬಂದೋರನ್ನ ಅಟ್ಟಾಡಿಸುತ್ತೆ,” ಎಂದ.

ಷರಾ ಸಾಹೇಬರ ಕಣ್ಣು ತುಂಬಿಬಂತು. ಸಮುದ್ರದಲ್ಲೂ ಸೇವಾ ಹಿರಿತನ ಇದೆ ಎಂದು ಅವರಿಗೆ ಇದುವರೆಗೆ ಯಾರೂ ಹೇಳಿರಲಿಲ್ಲ. ಅಂದೇ ಒಂದು ಹೊಸ ಕಡತ ತೆರೆದು, ಮೇಲೆ ‘ಪ್ರಥಮ ಮೀನಿನ ನೇಮಕಾತಿ’ ಎಂದು ಗುಂಡಾದ ಅಕ್ಷರದಲ್ಲಿ ಬರೆದರು.

ತೊಟ್ಟಿ ಇಡಲು ಮನೆಯಲ್ಲಿ ಇದ್ದದ್ದು ಒಂದೇ ಜಾಗ, ನಡುಮನೆಯ ಕಿಟಕಿಯ ಕೆಳಗೆ. ಅಲ್ಲಿ ಅವರ ಮಾವನ ಬೆತ್ತದ ಕುರ್ಚಿ ಇತ್ತು. ಮಾವ ನೂಲಿನ ಮಿಲ್ಲಿನ ಗೇಟಿನಲ್ಲಿ ಮೂವತ್ತೊಂದು ವರ್ಷ ಕಾವಲಿದ್ದವರು. ಮಗಳ ಮನೆಗೆ ಬಂದ ಮೇಲೂ ಆ ಕುರ್ಚಿಯಲ್ಲಿ ಕುಳಿತು, ಬೀದಿಯಲ್ಲಿ ಯಾರು ಬಂದರು, ಯಾರು ಹೋದರು, ಯಾರ ಚೀಲ ಬರುವಾಗ ದಪ್ಪಗಿತ್ತು ಎಂದು ಲೆಕ್ಕ ಇಡುತ್ತಿದ್ದರು. ಈಗ ಕುರ್ಚಿ ಎದುರು ಗೋಡೆಗೆ, ಚಪ್ಪಲಿ ಗೂಡಿನ ಪಕ್ಕಕ್ಕೆ ಸರಿಯಿತು. ಬೀದಿ ಕಾಣದು, ತೊಟ್ಟಿ ಮಾತ್ರ ಕಾಣುತ್ತದೆ. ಮುದುಕರು ಗೊಣಗಲಿಲ್ಲ. ಒಂದು ಗೇಟು ಹೋದರೆ ಇನ್ನೊಂದು ಗೇಟು ಎನ್ನುವಂತೆ ಕುಳಿತು ನೋಡತೊಡಗಿದರು.

ನಾಲ್ಕನೆಯ ವಾರ, ಊಟಕ್ಕೆ ಕುಳಿತಾಗ ಅವರು ಹೇಳಿದರು: “ಅಳಿಯಂದ್ರೆ, ಒಳಗೆ ಯಾರೋ ಇದ್ದಾರೆ.”

“ಎಲ್ಲಿ ಒಳಗೆ ಮಾವ?”

“ತೊಟ್ಟಿ ಒಳಗೆ. ಎಡಗಡೆ ಕಲ್ಲು, ಕೆಳಗಿಂದ ಎರಡನೇ ತೂತು.”

ಷರಾ ಸಾಹೇಬರು ನಕ್ಕರು. “ಇನ್ನೂ ಆಯ್ಕೆಯೇ ಆಗಿಲ್ಲ ಮಾವ. ಆದೇಶ ಹೊರಡದೆ ಒಳಗೆ ಹೇಗೆ ಬರ್ತಾರೆ?”

“ನೀವು ಆದೇಶ ನೋಡ್ತೀರಿ, ನಾನು ಗೇಟು ನೋಡ್ತೀನಿ,” ಎಂದು ಮುದುಕರು ಜೇಬಿನಿಂದ ಒಂದು ಸಣ್ಣ ಪುಸ್ತಕ ತೆಗೆದು ಕೊಟ್ಟರು. ಅದರಲ್ಲಿ ಪೆನ್ಸಿಲಿನಿಂದ ‘೧೦.೪೦ – ಹೊರಗೆ. ೧೦.೪೫ – ಒಳಗೆ. ೧೨.೧೫ – ಅರ್ಧ ಹೊರಗೆ, ತಲೆ ಮಾತ್ರ’ ಎಂದು ಸಾಲಾಗಿ ಬರೆದಿತ್ತು.

ಷರಾ ಸಾಹೇಬರು ಊಟದ ಕೈಯನ್ನು ದೂರ ಹಿಡಿದು ಪುಸ್ತಕ ಪರಿಶೀಲಿಸಿದರು. “ತಾರೀಖೆಲ್ಲಿ ಮಾವ? ಬರೀ ಗಂಟೆ ಇದೆ.”

“ಮಿಲ್ಲಿನ ಪುಸ್ತಕದಲ್ಲಿ ತಾರೀಖು ಅಚ್ಚಾಗೇ ಬರ್ತಿತ್ತು. ನಾವು ಗಂಟೆ ಬರೆದ್ರೆ ಆಗ್ತಿತ್ತು.”

“ತಾರೀಖಿಲ್ಲದ ಕಾಗದ ನಡೆಯಲ್ಲ,” ಎಂದ ಷರಾ ಸಾಹೇಬರು, ಎಡಗೈಯಲ್ಲೇ ಪೆನ್ನು ಹಿಡಿದು ‘ತಾರೀಖು ಇಲ್ಲ. ಹಿಂದಿರುಗಿಸಿದೆ’ ಎಂದು ಬರೆದು ಕೊಟ್ಟರು. ಆಮೇಲೆ ಸಮಾಧಾನಕ್ಕೆಂದು ತೊಟ್ಟಿಯ ಮುಂದೆ ನಿಂತು ಬಗ್ಗಿ ನೋಡಿದರು. ಅವರ ನೆರಳು ಅರ್ಧ ತೊಟ್ಟಿಯನ್ನು ಮುಚ್ಚಿತು. ಅಂಥ ನೆರಳು ಬಿದ್ದರೆ ಒಳಗಿರುವ ಯಾವ ಪ್ರಾಣಿಯೂ ಹೊರಗೆ ಬರುವ ಧೈರ್ಯ ಮಾಡದು. ಏನೂ ಕಾಣಲಿಲ್ಲ.

ಐದನೆಯ ವಾರ ಗಾಜಿಗೆ ತೆಳ್ಳಗೆ ಕಂದು ಪಾಚಿ ಕಟ್ಟಿತು. ಒಂದು ಸಂಜೆ ಕಚೇರಿಯಿಂದ ಬಂದ ಷರಾ ಸಾಹೇಬರು ಚೀಲವನ್ನೂ ಇಳಿಸದೆ ತೊಟ್ಟಿಯ ಮುಂದೆ ಕಂಬದಂತೆ ನಿಂತರು. ಪಾಚಿಯ ಮೇಲೆ ಗುರುತುಗಳಿದ್ದವು. ಎರಡು ತುಟಿ ಸೇರಿಸಿ ಒತ್ತಿದ ಹಾಗೆ, ಒಂದರ ಪಕ್ಕ ಒಂದು, ಹದಿನಾಲ್ಕು ಮುತ್ತುಗಳು.

“ಯಾರು?” ಎಂದು ಅವರು ಕೇಳಿದ ದನಿಗೆ ಹೆಂಡತಿ ಅಡುಗೆಮನೆಯಿಂದ ಸೌಟು ಸಮೇತ ಬಂದಳು. “ತೊಟ್ಟಿಗೆ ಮುತ್ತು ಕೊಟ್ಟೋರು ಯಾರು?”

“ರೀ, ನಮಗೆ ಮದುವೆಯಾಗಿ ಇಪ್ಪತ್ತು ವರ್ಷ ಆಯ್ತು. ನನಗೆ ಮುತ್ತು ಕೊಡೋ ಹುಚ್ಚಿದ್ರೆ ತೊಟ್ಟಿಗ್ಯಾಕೆ ಕೊಡ್ಲಿ?” ಎಂದಳು ಹೆಂಡತಿ. ಮಾತು ಮುಗಿದ ಮೇಲೆ ತಾನು ಏನು ಹೇಳಿದೆನೆಂದು ಹೊಳೆದು, ಕೆಂಪಾಗಿ ಒಳಗೆ ಹೋದಳು. ಷರಾ ಸಾಹೇಬರಿಗೆ ಅದು ಹೊಳೆಯಲಿಲ್ಲ. ಅವರ ಗಮನವೆಲ್ಲ ವಿಚಾರಣೆಯ ಮೇಲಿತ್ತು. ಹಗಲೆಲ್ಲ ಆ ಕೋಣೆಯಲ್ಲಿ ಇರುವವರು ಒಬ್ಬರೇ. ಅವರು ನಿಧಾನವಾಗಿ ಮಾವನ ಕಡೆಗೆ ತಿರುಗಿದರು.

“ನಾನಲ್ಲ. ಒಳಗಿರೋನು,” ಎಂದರು ಮುದುಕರು. “ಮಧ್ಯಾಹ್ನ ಎರಡೂ ಹತ್ತಕ್ಕೆ ಶುರು ಮಾಡಿದ. ಎರಡೂವರೆಗೆ ಮುಗಿಸಿದ.”

ಒರೆಸಿ ನೋಡಿದ್ದರೆ ಗುರುತು ಗಾಜಿನ ಒಳಗಡೆ ಇದೆಯೆಂದು ಒಂದು ನಿಮಿಷದಲ್ಲಿ ತಿಳಿಯುತ್ತಿತ್ತು. ಆದರೆ ಸಾಕ್ಷ್ಯವನ್ನು ಯಾರೂ ಮುಟ್ಟಬಾರದು ಎಂದು ಷರಾ ಸಾಹೇಬರು ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆದು, ‘ಒರೆಸಬಾರದು’ ಎಂದು ಚೀಟಿ ಅಂಟಿಸಿಬಿಟ್ಟಿದ್ದರು. ಮರುದಿನ ಪಕ್ಕದ ಮನೆಯ ಟೈಲರಮ್ಮ ಹೊಲಿದ ರವಿಕೆ ಕೊಡಲು ಬಂದವಳು ಗುರುತು ನೋಡಿ, ಕತ್ತಿನಲ್ಲಿ ನೇತಾಡುತ್ತಿದ್ದ ಟೇಪನ್ನು ತಾನಾಗಿಯೇ ಅದಕ್ಕೆ ಹಿಡಿದಳು.

“ಅರ್ಧ ಇಂಚು ಅಣ್ಣ. ಇದು ದೊಡ್ಡೋರ ಬಾಯಲ್ಲ.”

“ಅಳತೆ ಇಲ್ಲದೆ ಹೇಗೆ ಹೇಳ್ತೀರಿ? ಮಾವನದೂ ತೆಗೀರಿ,” ಎಂದರು ಷರಾ ಸಾಹೇಬರು.

ಮುದುಕರು ಇದಕ್ಕೂ ಬೇಡ ಎನ್ನಲಿಲ್ಲ. ಗೇಟಿನಲ್ಲಿ ದಿನಕ್ಕೆ ನಾನೂರು ಜನರ ತಪಾಸಣೆ ಮಾಡಿದವರಿಗೆ ತಪಾಸಣೆಯ ಮರ್ಯಾದೆ ಗೊತ್ತು. ಟೈಲರಮ್ಮ ಮಂಡಿಯೂರಿ ಕುಳಿತು ಟೇಪು ಹಿಡಿದಳು. ಬಾಯಿ ಬಿಟ್ಟಾಗ ಎರಡೂವರೆ ಇಂಚು. ತುಟಿ ಮುಂದೆ ಚಾಚಿದಾಗ ಒಂದೂವರೆ. ಹಲ್ಲಿನ ಸೆಟ್ಟು ತೆಗೆದು ಚಾಚಿದಾಗ ಒಂದೇ ಇಂಚು.

“ಕಡಿಮೆ ಆಗ್ತಾ ಬರ್ತಿದೆ,” ಎಂದರು ಷರಾ ಸಾಹೇಬರು ಗಂಭೀರವಾಗಿ. “ಇನ್ನೂ ಸ್ವಲ್ಪ ಪ್ರಯತ್ನಪಟ್ಟರೆ ಅರ್ಧಕ್ಕೂ ಬರಬಹುದು.”

ಟೈಲರಮ್ಮನ ಅಂಗಡಿಯಲ್ಲಿ ದಿನಕ್ಕೆ ಇಪ್ಪತ್ತು ಜನ ಅಳತೆ ಕೊಡುತ್ತಾರೆ. ಅಳತೆ ಕೊಡುವಾಗ ಸುಮ್ಮನೆ ನಿಲ್ಲಬೇಕು, ಕಿವಿ ಮಾತ್ರ ಖಾಲಿ ಇರುತ್ತದೆ. ಮೂರು ದಿನದಲ್ಲಿ ಇಡೀ ಬೀದಿಗೆ ಸುದ್ದಿ ಮುಟ್ಟಿತು: ಷರಾ ಸಾಹೇಬರ ಮಾವ ಹಲ್ಲು ತೆಗೆದಿಟ್ಟು ಖಾಲಿ ತೊಟ್ಟಿಗೆ ಮುತ್ತು ಕೊಡುತ್ತಾರಂತೆ, ಒಳಗೆ ಯಾರೋ ಇದ್ದಾರೆ ಅಂತಾರಂತೆ. ಹಾಲಿನವನು ಹಾಲು ಕೊಡುವಾಗ ಕತ್ತು ಉದ್ದ ಮಾಡಿ ನಡುಮನೆ ನೋಡಿದ. ಅಂಚೆಯವನು ಕಾಗದವಿಲ್ಲದಿದ್ದರೂ ಬಾಗಿಲು ತಟ್ಟಿ, “ನಿಮಗೇನೂ ಬಂದಿಲ್ಲ” ಎಂದು ಹೇಳಿ, ನೋಡಬೇಕಾದ್ದನ್ನು ನೋಡಿಕೊಂಡು ಹೋದ.

ಹೆಂಡತಿಗೆ ನಿಜವಾಗಿ ಹೆದರಿಕೆಯಾಯಿತು. ಬೀದಿ ಕೊನೆಯ ಡಾಕ್ಟರನ್ನು ಕರೆಸಿದಳು. ಡಾಕ್ಟರು ಕೇಳಿದ್ದಕ್ಕೆಲ್ಲ ಮುದುಕರು ಪಟಪಟನೆ ಉತ್ತರ ಕೊಟ್ಟರು. ಇವತ್ತು ಯಾವ ವಾರ ಎಂದರೆ ಗುರುವಾರ ಎಂದರು. ನೂರರಿಂದ ಏಳೇಳು ಕಳೆಯಿರಿ ಎಂದರೆ ಎರಡಕ್ಕೆ ಬಂದು ನಿಂತರು. ಕೊನೆಗೆ, “ಡಾಕ್ಟ್ರೇ, ಬರುವಾಗ ನಿಮ್ಮ ಕೈಯಲ್ಲಿ ಕೊಡೆ ಇತ್ತು. ಚಪ್ಪಲಿ ಗೂಡಿಗೆ ಒರಗಿಸಿ ಬಿಟ್ಟಿದ್ದೀರಿ,” ಎಂದರು.

ಡಾಕ್ಟರು ಕೊಡೆ ತಂದುಕೊಂಡು ಮಗಳನ್ನು ಪಕ್ಕಕ್ಕೆ ಕರೆದರು. “ಎಲ್ಲಾ ಸರಿಯಾಗಿದೆ. ಅದೇ ನನಗೆ ಯೋಚನೆ. ಸ್ವಲ್ಪ ದಿನ ಜಾಗ ಬದಲಾಯಿಸಿ ನೋಡಿ.”

ಅವಳು ಆ ಸಂಜೆಯೇ ಬೇರೆ ಊರಿನಲ್ಲಿದ್ದ ತಮ್ಮನಿಗೆ ಫೋನು ಮಾಡಿದಳು. ಭಾನುವಾರ ಸಂಜೆ ಬಂದು ಅಪ್ಪನನ್ನು ಕರೆದುಕೊಂಡು ಹೋಗುವುದೆಂದು ತೀರ್ಮಾನವಾಯಿತು. ತಮ್ಮನ ಮನೆ ಐದನೆಯ ಮಹಡಿಯಲ್ಲಿ. ಅಲ್ಲಿ ಯಾರೂ ಬರುವುದಿಲ್ಲ, ಯಾರೂ ಹೋಗುವುದಿಲ್ಲ. ಮುದುಕರು ವಿಷಯ ಕೇಳಿ, “ನನ್ನ ಮಾತು ಸುಳ್ಳಾದ್ರೆ ಹೋಗ್ತೀನಮ್ಮ,” ಎಂದಷ್ಟೇ ಹೇಳಿದರು. ಮಗಳು ಸೆರಗಿನಿಂದ ಮುಖ ಒರೆಸಿಕೊಂಡಳು.

ಷರಾ ಸಾಹೇಬರಿಗೂ ಇದು ಸರಿಕಾಣಲಿಲ್ಲ. ಆದರೆ ಅದೇ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಮ್ಯಾನೇಜರ್ ಬರುವವರಿದ್ದರು, ಮೀನಿನ ಆಯ್ಕೆ ಇನ್ನೂ ಆಗಿರಲಿಲ್ಲ. ಅದನ್ನು ಪಕ್ಕಕ್ಕಿಟ್ಟು, ಕಡತ ಕಂಕುಳಲ್ಲಿ ಇಟ್ಟುಕೊಂಡು ಅಂಗಡಿಗೆ ನಡೆದರು.

ಅಂಗಡಿಯಲ್ಲಿ ಮೂವರು ಅಭ್ಯರ್ಥಿಗಳಿದ್ದರು. ಷರಾ ಸಾಹೇಬರು ಸ್ಟೂಲು ಹಾಕಿಕೊಂಡು ಒಬ್ಬೊಬ್ಬರಿಗೂ ಮುಕ್ಕಾಲು ಗಂಟೆ ಕೊಟ್ಟರು. ನೀಲಿ ಮೀನು ಚುರುಕಾಗಿತ್ತು, ಆದರೆ ಪಕ್ಕದವನ ಬಾಲ ಕಚ್ಚಿತು. ‘ಸಹೋದ್ಯೋಗಿಗಳೊಡನೆ ವರ್ತನೆ ಸರಿಯಿಲ್ಲ’ ಎಂದು ಬರೆದರು. ಹಳದಿ ಮೀನು ಸಂದರ್ಶನದ ಉದ್ದಕ್ಕೂ ಬೆನ್ನು ತಿರುಗಿಸಿ ನಿಂತಿತು. ‘ಸಮಿತಿಗೆ ಅಗೌರವ.’ ಮೂರನೆಯದು ಕಿತ್ತಳೆ ಬಣ್ಣದ್ದು, ಮೈಮೇಲೆ ಮೂರು ಬಿಳಿ ಪಟ್ಟೆ. ಗಾಜಿನ ಹತ್ತಿರ ಬಂದು, ಷರಾ ಸಾಹೇಬರ ಪೆನ್ನು ಎಡಕ್ಕೆ ಹೋದರೆ ಎಡಕ್ಕೆ, ಬಲಕ್ಕೆ ಹೋದರೆ ಬಲಕ್ಕೆ ಹೋಯಿತು. ಇಪ್ಪತ್ತೆಂಟು ವರ್ಷದಲ್ಲಿ ಇಷ್ಟು ವಿಧೇಯನಾದ ಅಭ್ಯರ್ಥಿಯನ್ನು ಅವರು ಕಂಡಿರಲಿಲ್ಲ.

“ಹಿಂದಿನ ನಡತೆ ಹೇಗಿದೆ?” ಎಂದು ಕೇಳಿದರು.

“ಮೀನು ಸಾರ್ ಅದು,” ಎಂದ ಅಂಗಡಿಯವನು. ಬಾಗಿಲು ಹಾಕುವ ಹೊತ್ತು ಮೀರಿ ಒಂದು ಗಂಟೆಯಾಗಿತ್ತು. “ಸಾಧು. ಬಹಳ ಸಾಧು. ದಯವಿಟ್ಟು ತಗೊಂಡು ಹೋಗಿ.”

ಭಾನುವಾರ ನಡುಮನೆಯಲ್ಲಿ ಜಾಗ ಸಾಲಲಿಲ್ಲ. ಸೋಫಾದ ನಡುವೆ ಮ್ಯಾನೇಜರ್, ಬಾಗಿಲ ಬಳಿ ಟೈಲರಮ್ಮ ಮತ್ತು ಅವಳ ಹಿಂದೆ ಬೀದಿಯ ಹತ್ತು ತಲೆಗಳು. ಅಂಗಡಿಯವನು ಮೀನಿದ್ದ ಪ್ಲಾಸ್ಟಿಕ್ ಚೀಲವನ್ನು ಆಗಲೇ ತೊಟ್ಟಿಯ ನೀರಿನಲ್ಲಿ ತೇಲಿಬಿಟ್ಟು, ಸ್ವಲ್ಪ ಸ್ವಲ್ಪವಾಗಿ ಆ ನೀರನ್ನು ಚೀಲಕ್ಕೆ ಬೆರೆಸುತ್ತಿದ್ದ. ಚಪ್ಪಲಿ ಗೂಡಿನ ಪಕ್ಕ ಮುದುಕರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕುಳಿತಿದ್ದರು. ಕಾಲ ಬಳಿ ಅವರ ಕೈಚೀಲ ಕಟ್ಟಿ ಸಿದ್ಧವಾಗಿತ್ತು.

ಷರಾ ಸಾಹೇಬರು ಎದ್ದು ನಿಂತು ಗಂಟಲು ಸರಿಮಾಡಿಕೊಂಡು ಆದೇಶ ಓದಿದರು. “ಈ ಮನೆಯ ಉಪ್ಪುನೀರಿನ ತೊಟ್ಟಿಯಲ್ಲಿ ಖಾಲಿ ಇರುವ ಪ್ರಥಮ ಮೀನಿನ ಹುದ್ದೆಗೆ, ಮೂರು ಅಭ್ಯರ್ಥಿಗಳ ಸಂದರ್ಶನ ನಡೆಸಿ, ಅರ್ಹತೆಯ ಆಧಾರದ ಮೇಲೆ—”

“ಅಳಿಯಂದ್ರೆ,” ಎಂದರು ಮುದುಕರು. “ಹುದ್ದೆ ಖಾಲಿ ಇಲ್ಲ.”

“ಅಪ್ಪಾ, ಸುಮ್ನಿರಪ್ಪ,” ಎಂದು ಮಗಳು ಅವರ ಭುಜ ಹಿಡಿದಳು. ಮ್ಯಾನೇಜರ್ ಕನ್ನಡಕದ ಮೇಲಿಂದ ನೋಡಿದರು. ಬಾಗಿಲಿನ ಹತ್ತು ತಲೆಗಳು ಅಯ್ಯೋ ಪಾಪ ಎಂದು ಒಟ್ಟಿಗೆ ಆಡಿದವು. ಷರಾ ಸಾಹೇಬರು ಬೆವರು ಒರೆಸಿಕೊಂಡು, ಉಳಿದ ಆದೇಶವನ್ನು ಒಂದೇ ಉಸಿರಿನಲ್ಲಿ ಓದಿ, “ಬಿಡಪ್ಪ” ಎಂದರು.

ಕಿತ್ತಳೆ ಮೀನು ಚೀಲದಿಂದ ಇಳಿದು ತೊಟ್ಟಿಯ ನಟ್ಟನಡುವೆ ಹೋಗಿ ನಿಂತಿತು. ಬಾಲ ಆಡಿಸಿತು, ಒಂದು ಸುತ್ತು ತಿರುಗಿತು. ಚಪ್ಪಾಳೆ ಬಿತ್ತು. ಮ್ಯಾನೇಜರ್ ಕೂಡ ಎರಡು ಬೆರಳಿನಿಂದ ಅಂಗೈ ತಟ್ಟಿದರು. ಷರಾ ಸಾಹೇಬರ ಎದೆ ಅಂಗಿಯ ಗುಂಡಿ ಕೀಳುವಷ್ಟು ಉಬ್ಬಿತು.

ಆಗ ಎಡಗಡೆಯ ಕಲ್ಲಿನ, ಕೆಳಗಿಂದ ಎರಡನೆಯ ತೂತಿನಿಂದ, ಒಂದು ತಲೆ ಹೊರಗೆ ಬಂತು.

ಕಲ್ಲಿನದೇ ಬಣ್ಣ. ನೆತ್ತಿಯ ಮೇಲೆ ಎರಡು ಗುಂಡು ಕಣ್ಣು, ಒಂದು ಮ್ಯಾನೇಜರನ್ನು ನೋಡಿದರೆ ಇನ್ನೊಂದು ಕಿತ್ತಳೆ ಮೀನನ್ನು ನೋಡುತ್ತಿತ್ತು. ದಪ್ಪ ತುಟಿ. ತಲೆಯ ಹಿಂದೆ ಮೈ ಬಂತು, ಬೆರಳುದ್ದದ ಬಡಕಲು ಮೈ. ಅದು ಒಂದು ಕ್ಷಣ ಯೋಚಿಸಿತು. ಆಮೇಲೆ ನೇರವಾಗಿ ನುಗ್ಗಿ, ಅರ್ಹತೆಯ ಆಧಾರದ ಮೇಲೆ ಬಂದಿದ್ದ ಮೀನನ್ನು ತೊಟ್ಟಿಯ ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಪಂಪಿನ ಹಿಂದಿನ ಮೂಲೆಗೆ ಅಟ್ಟಿ, ತಿರುಗಿ ನೋಡದೆ ಮುಂದಿನ ಗಾಜಿಗೆ ಬಂತು. ಮ್ಯಾನೇಜರ ಮೂಗಿನ ಎದುರಿಗೇ ತುಟಿ ಒತ್ತಿ, ಪಾಚಿ ಕೆರೆದು ತಿಂದು, ಪಕ್ಕಕ್ಕೆ ಸರಿದು ಮತ್ತೆ ತುಟಿ ಒತ್ತಿತು. ಗಾಜಿನ ಮೇಲೆ ಎರಡು ಹೊಸ ಮುತ್ತು ಮೂಡಿದವು.

ಟೈಲರಮ್ಮ ಜನರನ್ನು ಸರಿಸಿಕೊಂಡು ಬಂದು ಟೇಪು ಹಿಡಿದಳು. “ಅರ್ಧ ಇಂಚು,” ಎಂದಳು. “ಕೂದಲಷ್ಟೂ ಆಚೀಚೆ ಇಲ್ಲ.”

“ಹನ್ನೊಂದೂ ಇಪ್ಪತ್ತು,” ಎಂದು ಮುದುಕರು ಪುಸ್ತಕದಲ್ಲಿ ಬರೆದುಕೊಂಡರು. “ಹೊರಗೆ. ಪೂರ್ತಿ.”

“ಇದು ಕಲ್ಲಿನ ಜೊತೆಗೇ ಬಂದಿದೆ ಸಾರ್!” ಅಂಗಡಿಯವನು ತಲೆಯ ಮೇಲೆ ಕೈ ಹೊತ್ತ. “ತೂತಿನಲ್ಲಿ ಅಡಗಿಕೊಂಡಿತ್ತು, ನಾನೂ ನೋಡಲಿಲ್ಲ. ಅಷ್ಟು ದಿನ ಆ ನೀರಲ್ಲಿ ತಡ್ಕೊಂಡಿದೆ ಅಂದ್ರೆ ಗಟ್ಟಿಪಿಂಡ. ಇನ್ನು ಈ ತೊಟ್ಟಿ ಅದರದ್ದೇ. ಕಿತ್ತಳೇದನ್ನ ನಾನು ವಾಪಸ್ ತಗೊಂಡು ಹೋಗ್ತೀನಿ, ಇಲ್ಲಾಂದ್ರೆ ಉಳಿಯಲ್ಲ.”

ಮ್ಯಾನೇಜರ್ ಎದ್ದು ನಿಂತರು. ತಂಗಿಯ ಮಗನ ಅರ್ಜಿ ಹಿಂದಿರುಗಿದ ದಿನದಿಂದ ಅವರು ಕಾದಿದ್ದ ಗಳಿಗೆ ಇದು. “ಷರಾ ಸಾಹೇಬ್ರೆ,” ಎಂದರು ಮೆಲ್ಲಗೆ, ಸಕ್ಕರೆ ಸವಿದಂತೆ, “ಅರ್ಜಿ ಇಲ್ಲ, ಸಂದರ್ಶನ ಇಲ್ಲ, ಆದೇಶ ಇಲ್ಲ. ಆರು ವಾರದಿಂದ ಒಬ್ಬ ನಿಮ್ಮ ಮನೇಲೇ ಕೆಲಸ ಮಾಡ್ತಿದ್ದಾನೆ. ನಿಮಗೆ ಗೊತ್ತೇ ಇಲ್ಲ.” ಹಾಗೆ ಹೇಳಿ, ಬಾಗಿಲು ದಾಟುವವರೆಗೆ ನಗು ತಡೆದುಕೊಂಡರು. ದಾಟಿದ ಮೇಲೆ ತಡೆಯಲಿಲ್ಲ.

ಸೋಮವಾರ ಇಡೀ ಕಚೇರಿ ನಗುತ್ತದೆಂದು ಷರಾ ಸಾಹೇಬರಿಗೆ ಗೊತ್ತಿತ್ತು. ವಿಚಿತ್ರವೆಂದರೆ ಅದು ಅವರಿಗೆ ನಾಟಲೇ ಇಲ್ಲ. ಅವರ ಕಣ್ಣು ಚಪ್ಪಲಿ ಗೂಡಿನ ಪಕ್ಕದ ಕೈಚೀಲದ ಮೇಲೆ ನೆಟ್ಟಿತ್ತು. ಮೂವತ್ತೊಂದು ವರ್ಷ ಗೇಟು ಕಾದ ಮನುಷ್ಯನ ಬಾಯಿಗೆ ತಾವು ಟೇಪು ಹಿಡಿಸಿದ್ದು, ಅವರು ಹಲ್ಲು ಕೈಯಲ್ಲಿ ಹಿಡಿದುಕೊಂಡು ಮರ್ಯಾದೆಯಿಂದ ತುಟಿ ಚಾಚಿದ್ದು ನೆನಪಾಗಿ, ಅವರಿಗೆ ನೆಲಕ್ಕೆ ಇಳಿದುಹೋಗುವಷ್ಟು ನಾಚಿಕೆಯಾಯಿತು.

ಅಡುಗೆಮನೆಯಲ್ಲಿ ಹೆಂಡತಿ ಫೋನಿನಲ್ಲಿ, “ಬರಬೇಡ ಕಣೋ. ಅಪ್ಪ ಎಲ್ಲೂ ಬರಲ್ಲ. ಅಪ್ಪನಿಗೆ ಏನೂ ಆಗಿಲ್ಲ, ನಮಗೇ ಆಗಿತ್ತು,” ಎಂದು ಅಳುತ್ತ ನಗುತ್ತ ಹೇಳುತ್ತಿದ್ದಳು. ಷರಾ ಸಾಹೇಬರು ಚಪ್ಪಲಿ ಗೂಡನ್ನು ತಾವೇ ಎಳೆದು ಹೊರಗಿಟ್ಟರು. ತೊಟ್ಟಿಯನ್ನು ಅಲುಗಿಸುವಂತಿರಲಿಲ್ಲ, ಅದರ ಪಕ್ಕದ ಮೇಜನ್ನು ತೆಗೆದು ಬೆತ್ತದ ಕುರ್ಚಿಯನ್ನು ಅಲ್ಲಿಗೆ ತಂದರು. ಈಗ ಬಲಕ್ಕೆ ತಿರುಗಿದರೆ ಬೀದಿ, ಎಡಕ್ಕೆ ತಿರುಗಿದರೆ ಸಮುದ್ರ. ಮಾವ ಕುಳಿತು, ಎರಡೂ ಕಡೆ ಒಮ್ಮೆ ನೋಡಿ, ತಲೆಯಾಡಿಸಿದರು.

“ಮಾವ, ಆ ಪುಸ್ತಕ ಸ್ವಲ್ಪ ಕೊಡ್ತೀರಾ?”

ಪುಸ್ತಕದಲ್ಲಿ ಅವರ ಹಳೆಯ ಷರಾ ಹಾಗೇ ಇತ್ತು. ಅವರು ಅದನ್ನು ಉದ್ದಕ್ಕೆ ಹೊಡೆದುಹಾಕಿ, ಕೆಳಗೆ ಬರೆದರು: ‘ಪರಿಶೀಲಿಸಿದೆ. ಎಲ್ಲ ಸರಿಯಾಗಿದೆ. ನಂಬದೆ ಹೋದದ್ದು ನನ್ನ ತಪ್ಪು.’ ಸಹಿ ಮಾಡಿ, ಎರಡೂ ಕೈಯಲ್ಲಿ ಹಿಂದಿರುಗಿಸಿದರು.

ಮುದುಕರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಆಮೇಲೆ ಪುಸ್ತಕವನ್ನು ವಾಪಸು ಚಾಚಿದರು.

“ನಡೆಯಲ್ಲ ಅಳಿಯಂದ್ರೆ.”

“ಯಾಕೆ ಮಾವ?”

“ತಾರೀಖಿಲ್ಲ.”

ಷರಾ ಸಾಹೇಬರು ನಾಲಿಗೆ ಕಚ್ಚಿಕೊಂಡು ಪೆನ್ನು ತೆಗೆದರು. “ಇವತ್ತಿಂದು ಹಾಕ್ತೀನಿ.”

“ಇವತ್ತಿಂದು ಯಾಕೆ?” ಮುದುಕರು ತೊಟ್ಟಿಯ ಕಡೆ ಬೆರಳು ತೋರಿಸಿದರು. ಒಳಗಿದ್ದವನು ತನ್ನ ತೂತಿನಿಂದ ಅರ್ಧ ಹೊರಗೆ ಬಂದು ಇಬ್ಬರನ್ನೂ ನೋಡುತ್ತಿದ್ದ. “ಕಲ್ಲು ಬಂದ ದಿನದ್ದು ಹಾಕಿ. ಅವನು ಅವತ್ತಿಂದ ಡ್ಯೂಟಿ ಮೇಲಿದ್ದಾನೆ.”

ಷರಾ ಸಾಹೇಬರ ಪೆನ್ನು ಗಾಳಿಯಲ್ಲಿ ನಿಂತಿತು. ಇಪ್ಪತ್ತೆಂಟು ವರ್ಷ ನಿಂತ ಹಾಗೆ ನಿಂತಿತು. ಆಮೇಲೆ ಅವರು ಎದ್ದು ಗೋಡೆಯ ಕ್ಯಾಲೆಂಡರಿನ ಹಾಳೆ ಹಿಂದಕ್ಕೆ ಮಗುಚಿ, ಆರು ವಾರ ಎಣಿಸಿ, ಬಂದು ಕುಳಿತು, ಗುಂಡಾದ ಅಕ್ಷರದಲ್ಲಿ ಆ ತಾರೀಖು ಬರೆದು, ಶಾಯಿ ಆರಲೆಂದು ಮೆಲ್ಲಗೆ ಊದಿದರು.